ಅಸ್ಸಾಂ 1, ಅಸ್ಸಾಂ 2

ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ ಇದೆ. ನಾನು ಲಂಡನ್ ಸೇರಿ 12 ವರ್ಷ ಆಯ್ತು. ಈ ಸಲ ರೊಬಸ್ಟಾ ಕುಯ್ಲಿನ ಹೊತ್ತಿಗೆ ಊರಿಗೆ ಬಂದಿದ್ದೆ. ಸಂಜೆ ಹಣ್ಣು ತೂಗುವಾಗ ತೋಟದ ಲೆಕ್ಕ ಬರೆಯುವ ರೈಟರ ಪುಸ್ತಕದಲ್ಲಿ ಕಣ್ಣಾಡಿಸಿದೆ. ಊರಿನ ಆಳುಗಳ ಹೆಸರು ಸಾಲಾಗಿ ಇತ್ತು. ಅದರ ಕೆಳಗೆ ಅಸ್ಸಾಂ 1, ಅಸ್ಸಾಂ 2, ಹೀಗೆ 9ರವರೆಗೆ. ಅಸ್ಸಾಮಿನಿಂದ ಕೆಲಸಕ್ಕೆ ಬಂದು, ಮೂರು ವರ್ಷದಿಂದ ನಮ್ಮ ಲೈನ್ ಮನೆಯಲ್ಲೇ, ಅಂದರೆ ತೋಟದ ಆಳುಗಳ ಸಾಲುಮನೆಯಲ್ಲೇ ಇರುವವರು ಅವರು.

ಅದೇ ವಾರ ಹೋದ ವರ್ಷದ ಕಾಳುಮೆಣಸಿನ ಒಂದು ಮೂಟೆ ಲೆಕ್ಕಕ್ಕೆ ಸಿಗಲಿಲ್ಲ. ನಮ್ಮವರು ಸೀದಾ ಅಸ್ಸಾಮಿನವರ ಲೈನಿಗೇ ಹೋದರು. ಪೆಟ್ಟಿಗೆ, ಹಾಸಿಗೆ ಎಲ್ಲ ಕೆಡವಿ ನೋಡಿದರು. ಊರಿನವರ ಮನೆ ಕಡೆ ಯಾರೂ ತಿರುಗಲಿಲ್ಲ. ಒಬ್ಬ ಹೆಂಗಸು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಇನ್ನೊಂದು ಕೈಯಲ್ಲಿ ಆಧಾರ್ ಕಾರ್ಡ್ ಹಿಡಿದು ನಿಂತಿದ್ದಳು. ಅದನ್ನು ಕೇಳಿದವರೇ ಇರಲಿಲ್ಲ. 'ಬಾಂಗ್ಲಾದವರು' ಅನ್ನಿಸಿಕೊಂಡು ಅಭ್ಯಾಸವಾಗಿರಬೇಕು. ಮಾರನೇ ದಿನ ಮೂಟೆ ಗೋಡೌನಿನಲ್ಲೇ ಸಿಕ್ಕಿತು, ಕಾಫಿ ಮೂಟೆಗಳ ಹಿಂದೆ. ತಪ್ಪಾಯ್ತು ಅಂತ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

'ನಮ್ಮ ಮನಸ್ಸಲ್ಲಿ ಏನೂ ಇಲ್ಲಪ್ಪ' ಅಂದರು ದೊಡ್ಡಪ್ಪ. ಇರಲಿಕ್ಕಿಲ್ಲ, ನಂಬುತ್ತೇನೆ. ಆದರೆ ಮನಸ್ಸಲ್ಲಿ ದ್ವೇಷ ಇರಲೇಬೇಕು ಅಂತೇನಿಲ್ಲ ಅನ್ನೋದನ್ನು ನಾನು ಲಂಡನ್ನಿನಲ್ಲಿ ಕಲಿತೆ. 1993ರಲ್ಲಿ ಅಲ್ಲಿ ಸ್ಟೀಫನ್ ಲಾರೆನ್ಸ್ ಎಂಬ 18 ವರ್ಷದ ಕಪ್ಪು ಹುಡುಗನನ್ನು ಬಿಳಿಯ ಹುಡುಗರು ಇರಿದು ಕೊಂದರು. ಜೊತೆಗಿದ್ದ ಗೆಳೆಯನೂ ಕಪ್ಪು ಹುಡುಗ. ಪೊಲೀಸರು ಅವನ ಮಾತು ಕೇಳುವ ಬದಲು ಅವನನ್ನೇ ಅನುಮಾನದಿಂದ ನೋಡಿದರು. ಈ ಪ್ರಕರಣದ ಬಗ್ಗೆ ನಡೆದ ವಿಚಾರಣೆಯ 1999ರ ಮ್ಯಾಕ್‌ಫರ್ಸನ್ ವರದಿ ಇದನ್ನು ಬಿಚ್ಚಿಟ್ಟಿತು. ತಪ್ಪು ಒಬ್ಬಿಬ್ಬರದ್ದಲ್ಲ, ಇಡೀ ಇಲಾಖೆಯದು ಎಂದಿತು. ಬೇಕೆಂದು ಮಾಡದಿದ್ದರೂ, 'ಇವರೆಲ್ಲ ಹೀಗೇ' ಅಂದುಕೊಂಡು ನಡೆದರೂ ಅದು ಜನಾಂಗಭೇದವೇ ಎಂದಿತು.

ಹಾಗಂತ ಅಲ್ಲಿ ಎಲ್ಲ ಸರಿಹೋಗಿಲ್ಲ. 2023ರಲ್ಲಿ ಬಂದ ಕೇಸಿ ವರದಿ ಅದೇ ಪೊಲೀಸರ ಬಗ್ಗೆ ಮತ್ತೆ ಅದೇ ಮಾತು ಹೇಳಿತು. ಫೋನಿನಲ್ಲಿ ನನ್ನ ಹೆಸರು ಕೇಳಿದ ಕೂಡಲೇ 'ಮನೆ ಆಗಲೇ ಬಾಡಿಗೆಗೆ ಹೋಯ್ತು' ಅಂದವರೂ ಇದ್ದಾರೆ. ಆದರೆ ಅಲ್ಲಿ ದೂರು ಕೊಡಲು 2010ರ ಸಮಾನತೆ ಕಾಯ್ದೆ ನನ್ನ ಕೈಯಲ್ಲಿದೆ. ಲೈನ್ ಮನೆಯ ಹೆಂಗಸು ಯಾರ ಹತ್ತಿರ ಹೋಗಬೇಕು? ತೋಟವೂ ನಮ್ಮದು, ಮನೆಯೂ ನಮ್ಮದು, ಸಂಬಳದ ಪುಸ್ತಕವೂ ನಮ್ಮದೇ ಅಲ್ವಾ?

ಹೊರಡುವ ಹಿಂದಿನ ಸಂಜೆ ರೈಟರ ಪಕ್ಕ ಕೂತು ಒಂಬತ್ತು ಜನರ ಹೆಸರೂ ಕೇಳಿ ಬರೆದೆ. ದೊಡ್ಡಪ್ಪ ಬೇಡ ಅನ್ನಲಿಲ್ಲ. ಆ ಹೆಂಗಸು ತನ್ನ ಹೆಸರನ್ನು ನಿಧಾನವಾಗಿ ಎರಡು ಸಲ ಹೇಳಿದಳು.