ಬಾಲಮಂದಿರದ ಸಿಬ್ಬಂದಿ ತರಬೇತಿ: ನನ್ನ ಸಂದೇಶ ತಪ್ಪಿತ್ತು

ಮೊನ್ನೆ ವಿಜಯಪುರದ ನಮ್ಮ ವಾಟ್ಸಾಪ್ ಗುಂಪಿನಲ್ಲಿ ನಾನು ಹೀಗೆ ಬರೆದಿದ್ದೆ: "ಬಾಲಮಂದಿರದ ಕೆಲಸಕ್ಕೆ ಸೇರುವಾಗ ಒಂದು ಸಲ ತರಬೇತಿ ಆದರೆ ಸಾಕು. ಅಡುಗೆಯವರಿಗೆ, ಕಾವಲುಗಾರರಿಗೆ ಅದೂ ಬೇಕಿಲ್ಲ." ಇದು ತಪ್ಪು. ಈಗ ಬಾಗಲಕೋಟೆಯ ಗುಂಪುಗಳಲ್ಲೂ ಅದು ಓಡಾಡುತ್ತಿದೆ.

2015ರ ಬಾಲನ್ಯಾಯ ಕಾಯ್ದೆಯಡಿ ಕೇಂದ್ರ ಸರ್ಕಾರ 2016ರಲ್ಲಿ ಮಾದರಿ ನಿಯಮಗಳನ್ನು ತಂದಿದೆ. ಅವುಗಳ ಪ್ರಕಾರ ಎಲ್ಲ ದರ್ಜೆಯ ಸಿಬ್ಬಂದಿಗೂ ಅವರವರ ಕೆಲಸಕ್ಕೆ ತಕ್ಕ ತರಬೇತಿ ಕೊಡಬೇಕು. ಹೊಸಬರಿಗೆ ಆರಂಭದ ತರಬೇತಿ, ಆಮೇಲೆ ಪುನಶ್ಚೇತನ ತರಬೇತಿ.

ಅಡುಗೆಯವರಿಗೆ ಯಾಕೆ ಅಂತೀರಾ? ಹೊಸದಾಗಿ ಬಂದ ಮಗು ರಾತ್ರಿ ಜೋಳದ ರೊಟ್ಟಿಯನ್ನು ದಿಂಬಿನ ಕೆಳಗೆ ಬಚ್ಚಿಡುತ್ತದೆ ಅಂದುಕೊಳ್ಳಿ. ಹಸಿವು ಕಂಡ ಮಕ್ಕಳು ಹಾಗೆ ಮಾಡುವುದುಂಟು. ಗೊತ್ತಿಲ್ಲದವರು ಕಳ್ಳತನ ಅಂತ ಬೈಯುತ್ತಾರೆ. ಗೊತ್ತಿದ್ದವರು "ನಾಳೇನೂ ಊಟ ಐತಿ, ಹೆದರಬ್ಯಾಡ" ಅಂತ ಧೈರ್ಯ ಹೇಳುತ್ತಾರೆ. ಈ ತಿಳಿವಳಿಕೆ ಒಂದೇ ದಿನದ ಪಾಠದಲ್ಲಿ ಬರುವುದಿಲ್ಲ, ಅಲ್ವಾ?

ಶಿಸ್ತಿನ ಹೆಸರಲ್ಲಿ ಹೊಡೆಯುವುದಂತೂ ಕಾಯ್ದೆಯ 82ನೇ ಕಲಂ ಪ್ರಕಾರ ಅಪರಾಧ. ಮೊದಲ ಸಲ ತಪ್ಪು ಸಾಬೀತಾದರೆ 10,000 ರೂಪಾಯಿ ದಂಡ.

ಹಳೆಯ ಸಂದೇಶವನ್ನು ದಯವಿಟ್ಟು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.