ಸೋತ ಕೇಸು ಹೊತ್ಕೊಂಡು ಮಂತ್ರಿ ಆದೋನು

ನಿನ್ನೆ ಸಿಟಿ ಸಿವಿಲ್ ಕೋರ್ಟ್ ಹತ್ರ ಬೈಟೂ ಕಾಫಿ ಕುಡೀತಿದ್ದಾಗ ನಮ್ಮ ಆಫೀಸಿನ ಜೂನಿಯರ್ ಹುಡುಗ ಕೇಳ್ದ, ಸಾರ್, ವಕೀಲರೇ ಕಾನೂನು ಮಂತ್ರಿ ಆದ್ರೆ ಏನಾದ್ರೂ ಬದಲಾಗುತ್ತಾ ಅಂತ. ನಮ್ಮೋರೂ ಆಗಿದಾರಪ್ಪ, ವೀರಪ್ಪ ಮೊಯ್ಲಿ, ಸದಾನಂದ ಗೌಡ್ರು, ಇಬ್ರೂ ಕರಿಕೋಟು ಹಾಕಿದ್ದೋರೇ, ಇಬ್ರೂ ದಿಲ್ಲೀಲಿ ಕಾನೂನು ಖಾತೆ ನೋಡಿದೋರೇ. ಆದ್ರೆ ನನ್ನ ಬಾಯಿಗೆ ಬಂದಿದ್ದು ಫ್ರಾನ್ಸಿನ ರೋಬೆರ್ ಬಾದಾಂತೆರ್ ಹೆಸರು. ಬಾದಾಮಿನಾ ಸಾರ್ ಅಂದ. ಅಲ್ಲ ಕಣೋ, ಕೂತ್ಕೋ ಅಂತ ಶುರು ಮಾಡ್ದೆ, ಕಾಫಿ ಆರೋಯ್ತು.

1971ರಲ್ಲಿ ಕ್ಲೇರ್ವೋ ಅನ್ನೋ ಜೈಲಲ್ಲಿ ಇಬ್ರು ಕೈದಿಗಳು ಒಬ್ಬ ನರ್ಸನ್ನೂ ಒಬ್ಬ ಗಾರ್ಡನ್ನೂ ಒತ್ತೆ ಇಟ್ಕೊಂಡ್ರು, ಒತ್ತೆಯಾಳುಗಳಿಬ್ರೂ ಕೊಲೆಯಾದ್ರು. ಆ ಕೈದಿಗಳಲ್ಲಿ ಒಬ್ಬ ರೋಜೆ ಬೋಂತಾಂ, ಅವನ ವಕೀಲ ಈ ಬಾದಾಂತೆರ್. ಕೊಂದಿದ್ದು ಬೋಂತಾಂ ಅಲ್ಲ ಅಂತ ತ್ರುವಾ ಊರಿನ ಜ್ಯೂರಿನೇ ಒಪ್ಕೊಳ್ತು, ಒಪ್ಕೊಂಡೂ, ಜೊತೇಲಿದ್ದ ಅಂತ ಅವನಿಗೂ ಮರಣದಂಡನೆ ಕೊಡ್ತು. ಅಧ್ಯಕ್ಷ ಪಾಂಪಿಡು ಕ್ಷಮಾದಾನ ಆಗಲ್ಲ ಅಂದ್ರು. 1972ರ ನವೆಂಬರ್ 28ರ ಬೆಳಗಿನ ಜಾವ ಪ್ಯಾರಿಸ್ಸಿನ ಸಾಂತೆ ಜೈಲಲ್ಲಿ ತಲೆ ಕತ್ತರಿಸೋ ಗಿಲೋಟಿನ್ ಬಿದ್ದಾಗ ಈ ಮನುಷ್ಯ ಅಲ್ಲೇ ಇದ್ದ. ನಾವಾದ್ರೆ ಕೇಸ್ ಸೋತ್ರೆ ಫೈಲಿಗೆ ದಾರ ಸುತ್ತಿ ಗುಮಾಸ್ತನ ಕೈಗೆ ಕೊಟ್ಟು ಮುಂದಿನ ಮ್ಯಾಟರ್‌ಗೆ ಓಡ್ತೀವಿ, ನಾನಂತೂ ಹಾಗೇ. ಅವನು ಆ ಸೋಲನ್ನ ಒಂಬತ್ತು ವರ್ಷ ಹೊತ್ಕೊಂಡು ಓಡಾಡ್ದ, ಹೊತ್ಕೊಂಡೇ ಸಚಿವಾಲಯದ ಮೆಟ್ಲು ಹತ್ತಿದ. ನಮ್ಮಲ್ಲಿ ಕರಿಕೋಟು ಎಷ್ಟೋ ಜನಕ್ಕೆ ಟಿಕೆಟ್ ಕೇಳೋಕೆ ವಿಸಿಟಿಂಗ್ ಕಾರ್ಡು, ಅಷ್ಟೇ.

ನಡುವೆ 1977ರಲ್ಲಿ ಅದೇ ತ್ರುವಾದಲ್ಲಿ ಏಳು ವರ್ಷದ ಮಗೂನ ಕಿಡ್ನ್ಯಾಪ್ ಮಾಡಿ ಕೊಂದ ಪಾತ್ರಿಕ್ ಆನ್ರಿ ಕೇಸು. ಜನ ಅವನ ತಲೆ ಕೇಳ್ತಿದ್ರು. ಈತ ಹೋಗಿ ಮರಣದಂಡನೇನೇ ಕಟಕಟೇಲಿ ನಿಲ್ಲಿಸ್ದ, ಜೀವಾವಧಿ ಆಯ್ತು, ತಲೆ ಉಳೀತು.

1981ರಲ್ಲಿ ಮಿತ್ತರಾಂ ಅಧ್ಯಕ್ಷ ಚುನಾವಣೆ ಗೆದ್ದು ಇವನನ್ನ ನ್ಯಾಯ ಮಂತ್ರಿ ಮಾಡಿದ್ರು. ಕುರ್ಚಿ ಸಿಕ್ಕಿದ್ದು ಜೂನಲ್ಲಿ, ಮರಣದಂಡನೆ ರದ್ದು ಮಾಡಿ ಅಂತ ಸಂಸತ್ತಲ್ಲಿ ಎದ್ದು ನಿಂತಿದ್ದು ಸೆಪ್ಟೆಂಬರ್ 17ಕ್ಕೆ, ಮಾರನೇ ದಿನ ಪರವಾಗಿ 363 ಮತ, ವಿರುದ್ಧ 117, ಅಕ್ಟೋಬರ್ 9ಕ್ಕೆ ಕಾನೂನು. ಅವತ್ತಿನ ಸರ್ವೇಗಳಲ್ಲಿ ಹೆಚ್ಚು ಜನ ಗಿಲೋಟಿನ್ ಇರ್ಲಿ ಅಂತಲೇ ಹೇಳ್ತಿದ್ರು ಕಣ್ರೀ. 1983ರಲ್ಲಿ ಪೊಲೀಸ್ರೇ ಅವನ ಸಚಿವಾಲಯದ ಕಿಟಕಿ ಕೆಳಗೆ ಬಂದು ಧಿಕ್ಕಾರ ಕೂಗಿದ್ರು.

ಇನ್ನೊಂದು ವಿಷ್ಯ ನೆನೆಸ್ಕೊಂಡ್ರೆ ನಂಗೆ ಮೈ ಜುಮ್ಮನ್ನುತ್ತೆ. 1943ರ ಫೆಬ್ರವರಿ 9ಕ್ಕೆ ಲಿಯೋನಲ್ಲಿ ಕ್ಲಾಸ್ ಬಾರ್ಬಿಯ ಗೆಸ್ಟಾಪೋದವ್ರು, ಅಂದ್ರೆ ನಾಜಿಗಳ ಗುಪ್ತ ಪೊಲೀಸ್ರು, ಇವನ ಅಪ್ಪನ್ನ ಹಿಡ್ಕೊಂಡು ಹೋದ್ರು, ನಾಜಿಗಳ ಸೋಬಿಬೋರ್ ಸಾವಿನ ಕ್ಯಾಂಪಿಂದ ಅವ್ರು ವಾಪಸ್ ಬರ್ಲಿಲ್ಲ. ನಲವತ್ತು ವರ್ಷ ಆದ್ಮೇಲೆ ಅದೇ ಬಾರ್ಬಿನ ಬೊಲಿವಿಯಾದಿಂದ ತಂದು ಫ್ರಾನ್ಸಿನ ಜೈಲಿಗೆ ಹಾಕಿದಾಗ ನ್ಯಾಯ ಮಂತ್ರಿ ಯಾರು? ಇವನೇ. ಗಿಲೋಟಿನ್ ಇವನೇ ತೆಗ್ಸಿ ಹಾಕಿದ್ದ. ಬಾರ್ಬಿಗೆ 1987ರಲ್ಲಿ ಜೀವಾವಧಿ ಆಯ್ತು. ಬಾದಾಂತೆರ್ ತೀರ್ಕೊಂಡಿದ್ದು 2024ರ ಫೆಬ್ರವರಿ 9ಕ್ಕೆ, ಅಪ್ಪನ್ನ ಹಿಡ್ಕೊಂಡು ಹೋದ ಅದೇ ತಾರೀಖು.

ಎಲ್ಲಾ ಸಕ್ಕರೆ ಅಲ್ಲ ಬಿಡಿ. ಆ ಪಾತ್ರಿಕ್ ಆನ್ರಿ 2001ರಲ್ಲಿ ಹೊರಗೆ ಬಂದು ಮರುವರ್ಷವೇ ಡ್ರಗ್ಸ್ ಕೇಸಲ್ಲಿ ಸಿಕ್ಕಿಬಿದ್ದ. ಇಂಥೋನನ್ನಾ ಉಳಿಸಿದ್ದು ಅಂದ್ರೆ, ಹೌದು ಸ್ವಾಮಿ, ಇಂಥೋನನ್ನೇ. 2019ರಲ್ಲಿ ಅತ್ಯಾಚಾರ, ಕೊಲೆ ಆರೋಪಿಗಳ ಹೈದರಾಬಾದ್ ಎನ್‌ಕೌಂಟರ್ ಆದ ದಿನ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಬೆಳಗ್ಗೆಯಿಂದ ಕೈಮುಗಿಯೋ ಇಮೋಜಿ, ಬೇಕಂತಲೇ ಗುಂಡು ಹೊಡೆದಿದ್ದು ಅಂತ ಸುಪ್ರೀಂ ಕೋರ್ಟ್ ನೇಮಿಸಿದ ಆಯೋಗ 2022ರಲ್ಲಿ ಹೇಳ್ದಾಗ ಅದೇ ಗ್ರೂಪಲ್ಲಿ ನೀರಿನ ಟ್ಯಾಂಕರ್ ಜಗಳ ನಡೀತಿತ್ತು.

ಹುಡುಗ ಕೊನೇಲಿ ಕೇಳ್ದ, ನೀವು ಅಂಥ ಕೇಸು ತಗೊಂಡಿದೀರಾ ಸಾರ್. ಇಲ್ಲ. ತುಂಬಾ ವರ್ಷದ ಹಿಂದೆ ಒಂದು ಬಂದಿತ್ತು, ಊರೆಲ್ಲಾ ಉಗೀತಿದ್ದ ಕೇಸು, ಆರೋಪಿ ಪರ ಯಾರೂ ವಕಾಲತ್ತು ಹಾಕ್ಬಾರ್ದು ಅಂತ ವಕೀಲರೇ ಠರಾವು ಮಾಡಿದ್ರು. ಅಂಥ ಠರಾವು ಕಾನೂನುಬಾಹಿರ ಅಂತ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ್ದು ಆಮೇಲೆ, ಆದ್ರೆ ಸಂವಿಧಾನದ 22ನೇ ವಿಧಿ ಅವತ್ತೂ ಇತ್ತಲ್ಲ, ನಾನೂ ಓದಿದ್ದೆನಲ್ಲ. ಆ ಆರೋಪಿಯ ತಾಯಿ ಪ್ಲಾಸ್ಟಿಕ್ ಕವರಲ್ಲಿ ಚಾರ್ಜ್‌ಶೀಟ್ ಇಟ್ಕೊಂಡು ಬಂದಿದ್ರು. ಮೇಲಿನ ಕೋರ್ಟಲ್ಲಿ ಮ್ಯಾಟರ್ ಇದೆ ಅಮ್ಮ ಅಂತ ಎದ್ದು ಹೋದೆ. ಅವತ್ತು ಯಾವ ಮ್ಯಾಟರೂ ಇರ್ಲಿಲ್ಲ.