ಇನ್ನೊಂದ್ ಹತ್ತು ಸೆಕೆಂಡ್ ಹಾಕ್ರಿ

ನಿನ್ನೆ ರಾತ್ರಿ ಹನ್ನೊಂದೂವರೆ. ಅವ್ವ ಮಾಡಿಟ್ಟ ಬಿಸಿ ರೊಟ್ಟಿ ನನ್ನ ಕಣ್ಣೆದುರಿಗೇ ಕಡಕ್ ರೊಟ್ಟಿ ಆಗುತ್ತಿತ್ತು. ಪರದೆ ಮೇಲೆ ಮತ್ತೆ ಅದೇ ಕೆಂಪು ಸಾಲು: ಟೆಸ್ಟ್ ಟೈಮ್‌ಔಟ್, 30000 ಮಿಲಿಸೆಕೆಂಡ್ ಮೀರಿತು.

ವೆಬ್‌ಸೈಟ್ ಸರಿ ಇದೆಯಾ ಅಂತ ತಾನೇ ಬ್ರೌಸರ್ ನಡೆಸಿ ನೋಡುವ ಪ್ಲೇರೈಟ್ ಎಂಬ ಸಾಧನದಲ್ಲಿ ಬರೆದ ಟೆಸ್ಟು. ಬ್ರೌಸರ್ ತೆರೆದು, ಒಂದು ಬಟನ್ ಒತ್ತಿ ಬರಬೇಕು, ಅಷ್ಟೇ. ಹಗಲು ನನ್ನ ಲ್ಯಾಪ್‌ಟಾಪಲ್ಲಿ ಹಸಿರು, ರಾತ್ರಿ ಸರ್ವರ್ ಮೇಲೆ ಕೆಂಪು. ನಾಲ್ಕು ದಿನದಿಂದ ಇದೇ ಗೋಳು.

ನಮ್ಮ ಲೀಡ್ ಸರ್ ಹತ್ತಿರ ಇದಕ್ಕೆ ಒಂದೇ ಔಷಧ. "ಒಂದ್ ಹತ್ತು ಸೆಕೆಂಡ್ ಸ್ಲೀಪ್ ಹಾಕ್ರಿ, ಆಗ್ತೈತಿ." ಸ್ಲೀಪ್ ಅಂದರೆ ಟೆಸ್ಟು ಸುಮ್ಮನೆ ಕಾಯುತ್ತಾ ನಿಲ್ಲುವ ಸಾಲು. ಹಾಕಿದೆ, ಆಗಲಿಲ್ಲ. "ಇನ್ನೊಂದ್ ಹತ್ತು ಹಾಕ್ರಿ." ಹಾಕಿದೆ. "ಮತ್ತೊಂದ್ ಹತ್ತು." ಈಗ ಲೆಕ್ಕ ಹಾಕಿ ನೋಡಿ. ಟೆಸ್ಟಿಗೆ ಸಿಗುವ ಒಟ್ಟು ಆಯುಷ್ಯವೇ 30 ಸೆಕೆಂಡ್, ಸ್ಲೀಪೂ ಅದರಲ್ಲೇ ಸೇರುತ್ತೆ. ಪಾಪ, ಬಟನ್ ಮುಟ್ಟುವ ಮೊದಲೇ ನಿದ್ದೆಯಲ್ಲೇ ಸತ್ತಿತು. ಫೋನ್ ಮಾಡಿ ಹೇಳಿದರೆ, "ಹಂಗಾದ್ರ ಟೈಮ್‌ಔಟ್ 60 ಮಾಡ್ರಿ" ಅಂದರು, ಸಾರಿಗೆ ನೀರು ಬೆರೆಸಲು ಹೇಳಿದಷ್ಟು ಸಲೀಸಾಗಿ. ಆಮೇಲೆ 120. ಇದೇ ಮನುಷ್ಯ ಬೆಳಗಾವಿಯ ಟಿಳಕವಾಡಿ ಎರಡನೇ ರೈಲ್ವೆ ಗೇಟ್ ಬಿದ್ದರೆ ಹತ್ತು ಸೆಕೆಂಡ್ ನಿಲ್ಲುವವರಲ್ಲ, ಹಾರ್ನ್ ಹೊಡೆದು ರೈಲನ್ನೇ ಪಕ್ಕಕ್ಕೆ ಸರಿ ಅನ್ನುವವರು!

ಅದೇ ಗೇಟಿನಲ್ಲಿ ಚಿಕ್ಕವನಿದ್ದಾಗ ಅಪ್ಪನ ಸ್ಕೂಟರ್ ಮುಂದೆ ನಿಂತು ಗೂಡ್ಸ್ ಗಾಡಿಯ ಡಬ್ಬಿ ಎಣಿಸುತ್ತಿದ್ದೆ. ಗೇಟ್ ಬೇಗ ತೆಗೆದರೆ ಬೇಜಾರಾಗುತ್ತಿತ್ತು. ನಿನ್ನೆ ಸಂಜೆಯೂ ಅಲ್ಲೇ ನಿಂತಿದ್ದೆ. ಗಾಡಿ ಯಾವಾಗ ದಾಟಿತೋ ಗೊತ್ತೇ ಆಗಲಿಲ್ಲ, ಮೊಬೈಲಲ್ಲಿ ಕೆಂಪು ಸಾಲು ನೋಡುತ್ತಿದ್ದೆ.

ಕಡೆಗೆ ಸಿಕ್ಕಿದ್ದು ಹೇಗೆ ಅಂತೀರಾ? ಸುಮ್ನೆ ಸಿಟ್ಟಿಗೆ ಪರದೆಯನ್ನು ಕೆಳಗೆ ಎಳೆದೆ. ಟೈಮ್‌ಔಟ್ ಸಾಲಿನ ಕೆಳಗೆ ಇಡೀ ಜಾತಕ ಬರೆದಿತ್ತು: ಬಟನ್ ಕಾಣುತ್ತಿದೆ, ಒತ್ತಲೂ ಬರುತ್ತದೆ, ಆದರೆ ಇನ್ನೊಂದು ಡಿವ್ (ಪುಟದ ಒಂದು ತುಂಡು) ಅಡ್ಡ ಬಂದು ಕ್ಲಿಕ್ ಹಿಡಿಯುತ್ತಿದೆ, ಮತ್ತೆ ಪ್ರಯತ್ನಿಸುತ್ತಿದ್ದೇನೆ. ಇದೇ ಮಾತು, ಹತ್ತಾರು ಸಲ. ಯಾವುದಪ್ಪ ಆ ಡಿವ್ ಅಂದರೆ ಹಬ್ಬದ ಆಫರಿನ ಪೆಟ್ಟಿಗೆ. ನನ್ನ ಲ್ಯಾಪ್‌ಟಾಪಲ್ಲಿ ಬ್ರೌಸರ್ ಪೂರ್ತಿ ಅಗಲ, ಪೆಟ್ಟಿಗೆ ಮೂಲೆಯಲ್ಲಿ ತೆಪ್ಪಗೆ ಕೂರುತ್ತೆ. ಸರ್ವರ್ ಮೇಲೆ 1280×720ರ ಕಾಣದ ಕಿಟಕಿ, ಅಲ್ಲಿ ಸರಿಯಾಗಿ ಬಟನ್ ಮೇಲೇ ಬಂದು ಕೂರುತ್ತೆ, ಬಸ್ಸಿನ ಬಾಗಿಲಲ್ಲಿ ಚೀಲ ಇಟ್ಟುಕೊಂಡು ಕೂತವರ ಹಾಗೆ. ಎರಡು ಗಂಟೆ ಸ್ಲೀಪ್ ಹಾಕಿದರೂ ಏಳುವ ಗಿರಾಕಿ ಅಲ್ಲ ಅದು. ನಾಲ್ಕು ದಿನ ನಾನು ಮೊದಲ ಸಾಲು ಬಿಟ್ಟು ಕೆಳಗೆ ಇಳಿದಿರಲೇ ಇಲ್ಲ. ಇದನ್ನು ಲೀಡ್ ಸರ್‌ಗೆ ಹೇಳಿಲ್ಲ, ನೀವೂ ಹೇಳಬೇಡಿ.

ಪೆಟ್ಟಿಗೆ ಮುಚ್ಚುವ ಒಂದು ಸಾಲು ಬರೆದೆ. ಮೂರೂ ಸ್ಲೀಪ್ ಕಿತ್ತೆಸೆದೆ. ಆರು ಸೆಕೆಂಡಿಗೆ ಹಸಿರು. ಈಗ ಅದು ತಂಡದ ಕೋಡ್ ಒಳಗೆ ಸೇರಲು ಸರ್ ಒಮ್ಮೆ ನೋಡಿ ಒಪ್ಪಬೇಕು. ಬೆಳಿಗ್ಗೆ ಒಂಬತ್ತಕ್ಕೆ ಕಳಿಸಿದೆ. "ಐದ್ ನಿಮಿಷ ರೀ" ಅಂತ ಉತ್ತರ ಬಂತು.

ಈಗ ಸಂಜೆ ನಾಲ್ಕು.